ಕಡ ತಂದ ಮೂಗು

ದುರ್ಗಿಗುಡಿಯ ಒಂದು ಅಡ್ಡರಸ್ತೆ.
ಕೆಳಗೆ ಎಕ್ಸ್‌ರೇ ಸೆಂಟರು, ಮೇಲೆ ನಾನು.
ಹಗಲಿಡೀ ಲ್ಯಾಬಿನಲ್ಲಿ ಅವರಿವರ ರಕ್ತ ಅಳೆದು
ಸಂಜೆ ಬಂದು ಮೇಣ ಅಳೆಯುತ್ತೇನೆ.
ಅದೇ ಕಣ್ಣು, ಅದೇ ಪಾಯಿಂಟು ಬಿಡದ ಚಾಳಿ.

ಸೋಯಾ ಮೇಣ: ಬಿಳಿ ಚಕ್ಕೆ,
ಬೆರಳಿಗೆ ಹತ್ತಿದರೆ ತಣ್ಣಗಿನ ಬೆಣ್ಣೆ.
ಪ್ಯಾರಾಫಿನ್ನಿನಂತೆ ಬಾಯಿಬಡುಕ ಅಲ್ಲ ಇದು,
ಕೊಟ್ಟ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ.

ಮೊದಲ ಸಲ ನೂರಕ್ಕೆ ಆರು ಗ್ರಾಂ ಸುರಗಿ ಎಣ್ಣೆ.
ಹಚ್ಚಿದೆ. ಬೆಳಕು ಬಂತು. ಸುರಗಿ ಬರಲಿಲ್ಲ.
ಗಾಡಿಕೊಪ್ಪದ ಶರ್ಮಿಳಾ ಪೈ ಇಪ್ಪತ್ತು ಡಬ್ಬಿ ವಾಪಸು ಕಳಿಸಿದರು:
"ಬಚ್ಚಲಲ್ಲಿ ಇಟ್ಟರೆ ಇದೆ, ಹಾಲಿಗೆ ತಂದರೆ ಸುದ್ದಿಯೇ ಇಲ್ಲ."
ಎಂಟು ಹಾಕಿದೆ. ಹತ್ತು. ಹಟಕ್ಕೆ ಬಿದ್ದು ಹದಿಮೂರು.
ಮಾರನೆಯ ಬೆಳಿಗ್ಗೆ ಮೇಣದ ಮೈಯೆಲ್ಲ ಬೆವರು,
ಬತ್ತಿ ಕೆಮ್ಮಿ ಕೆಮ್ಮಿ ಗೋಡೆಗೆ ಕಾಡಿಗೆ ತೀಡಿತು.
ಬಾಟಲಿಯ ಬೆಲೆ ನೆನೆದು ನನಗೂ ಬೆವರು.

ಸೆಲಿನ್ ಬಾಯಿಯನ್ನು ಕರೆದೆ.
ಚರ್ಚಿನ ಗೇಟಿನ ಬಳಿ ನಲವತ್ತು ವರ್ಷ ಮೊಂಬತ್ತಿ ಮಾರಿದ ಕೈ.
ಮೂಸಿದಳು. ತಿರುಗಿಸಿ ಮೂಸಿದಳು.
"ಮಾತೆಯ ಮುಂದೆ ಹಚ್ಚೋದಕ್ಕೆ ವಾಸನೆ ಯಾರೂ ಕೇಳ್ತಿರಲಿಲ್ಲ ಕಣೇ,
ಬೇಡಿಕೊಳ್ಳೋದೇ ಅಷ್ಟಿರ್ತಿತ್ತು.
ನಿಂದೇನು, ಸುರಗಿಯಾ?
ಸುರಗಿ ಒಣಗಿ, ಟ್ರಂಕು ಸೇರಿ,
ಸೀರೆ ಹರಿದ ಮೇಲೂ ಘಮ ಅಂತಿರತ್ತೆ.
ಇದು ಕೂಡೋದಕ್ಕೆ ಮೊದಲೇ ಮುನಿಸಿಕೊಂಡಿದೆ."

ಕೂಡುವುದು.
ಆ ಮಾತು ಹಿಡಿದು ಕೂತೆ.

ಎಂಬತ್ತು ಡಿಗ್ರಿಗೆ ಎಣ್ಣೆ; ಎಂಟು ಗ್ರಾಂ, ತೊಟ್ಟೂ ಹೆಚ್ಚಲ್ಲ.
ಎರಡು ನಿಮಿಷ ಕಲಕು. ಮಜ್ಜಿಗೆ ಕಡೆಯುವ ರಭಸ ಬೇಡ,
ಪಾಯಸ ತಳ ಹಿಡಿಯದಂತೆ ನೋಡುವ ಕೈ ಸಾಕು.
ಅರವತ್ತಕ್ಕೆ ಇಳಿದ ಮೇಲೆ ಗಾಜಿಗೆ ಸುರಿ.
ಮುಚ್ಚಳ ಹಾಕಿ, ತಾರೀಖು ಬರೆದು, ಮರೆತುಬಿಡು.

ಮರೆಯುವುದೇ ಕಷ್ಟ.
ಕಲ್ಚರ್ ರಿಪೋರ್ಟಿಗೆ ಮೂರು ದಿನ ಅಂದರೆ ಮೂರು ದಿನವೇ,
ಕಿಟಕಿಯಲ್ಲಿ ಬಗ್ಗಿ ಕೇಳಿದರೆ ಬೇಗ ಬೆಳೆಯುವುದಿಲ್ಲ
ಎಂದು ಜನಕ್ಕೆ ದಿನವೂ ಹೇಳುವ ನಾನು
ಐದನೇ ದಿನ ಮುಚ್ಚಳ ತೆಗೆದೆ.
ಆರನೇ ದಿನವೂ. ಸುಳ್ಳು ಯಾಕೆ.

ಬತ್ತಿಯದು ಇನ್ನೊಂದು ರಗಳೆ.
ಸಪೂರದ್ದು ನಡುವೆ ಬಾವಿ ತೋಡಿ ತಾನೇ ಮುಳುಗಿ ಸತ್ತಿತು.
ಒಂದು ನಂಬರು ದಪ್ಪ ಹಾಕಿದೆ:
ಎರಡು ಗಂಟೆಯಲ್ಲಿ ಮೇಣ ಅಂಚಿನಿಂದ ಅಂಚಿಗೆ ಕರಗಿ
ಅಲುಗದ ಕೊಳವಾಯಿತು.
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅಂತಾರಲ್ಲ,
ನನ್ನ ಅಡುಗೆಮನೆಯಲ್ಲಿ ಉಲ್ಟಾ:
ನಾರು ಸರಿಯಿದ್ದರೆ ಹೂವಿಗೆ ದಾರಿ.

ಹದಿನಾಲ್ಕನೇ ದಿನ, ಭಾನುವಾರ. ಕರೆಂಟು ಹೋಗಿತ್ತು.
ಫ್ಯಾನು ನಿಂತದ್ದು ಒಳ್ಳೆಯದೇ ಆಯಿತು ಎಂದುಕೊಂಡು
ಹಚ್ಚಿ ಕೂತೆ. ಒಂದು ಗಂಟೆ. ಎರಡು.
ಏನೂ ಇಲ್ಲ.
ದೀಪದ ಬುಡಕ್ಕೆ ಕತ್ತಲೆಯಂತೆ;
ಮಾಡಿದವಳ ಮೂಗಿಗೂ.

ಅಳು ಬರಲಿಲ್ಲ, ಹಾಲು ಮುಗಿದಿತ್ತು.
ಬತ್ತಿ ಆರಿಸಿ, ಚಪ್ಪಲಿ ಮೆಟ್ಟಿ ಇಳಿದೆ.
ಕೆಳಗಿನ ಮೆಟ್ಟಿಲಲ್ಲಿ ವಾಚ್‌ಮನ್ ಹಾಲೇಶಪ್ಪ
ರೇಡಿಯೋದ ಕಿವಿ ತಿರುವುತ್ತಿದ್ದವನು ತಲೆ ಎತ್ತಿ,
"ಮೇಡಂ, ಸುರಗಿ ಎಲ್ಲಿಂದ ತಂದ್ರಿ? ಕಾಲ ಮುಗೀತಲ್ಲ."
ಅವನ ಮೂಗನ್ನು ಅರ್ಧ ಗಂಟೆಗೆ ಕಡ ಕೇಳೋಣ ಅನಿಸಿತು.

ಹೊಳೆ ಬಸ್‌ಸ್ಟಾಪಿನ ತನಕ ನಡೆದೆ.
ಡೀಸೆಲ್ಲು, ಬೋಂಡದ ಎಣ್ಣೆ, ತುಂಗೆಯ ಪಾಚಿ,
ಯಾರದೋ ತಲೆಯ ಕೊಬ್ಬರಿ ಎಣ್ಣೆ:
ಒಂದೊಂದರಲ್ಲೂ ಮೂಗು ಅದ್ದಿ ತೊಳೆದುಕೊಂಡು ಬಂದೆ.

ಏಳನೇ ಮೆಟ್ಟಿಲಲ್ಲಿ ಒಂದು ಎಳೆ.
ಹನ್ನೊಂದರಲ್ಲಿ ಸಂಶಯವಿಲ್ಲ.
ಬಾಗಿಲ ಹೊರಗೇ ನಿಂತೆ,
ಒಳಗೆ ಹೋದರೆ ಮತ್ತೆ ಕಳೆದುಕೊಳ್ಳುತ್ತೇನೆಂದು ಗೊತ್ತಿತ್ತು.
ಕರೆಂಟು ಬಂತು. ಒಳಗೆ ಫ್ಯಾನು ತಿರುಗಿತು.
ಇನ್ನೂ ಒಂದು ನಿಮಿಷ, ಅಂದೆ,
ನನ್ನದೇ ಮನೆಗೆ ನೆಂಟಳಾಗಿ.
ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಬೆವರುತ್ತಿತ್ತು.